ಎರವಲು ಮೂಗು

ಕೊರೊನಾ ಬಂದ ವರ್ಷ ಕೊಂಡ್ಲಹಳ್ಳಿಯ ಕರಿಯಕ್ಕನಿಗೆ ಗಂಡನೂ ಹೋದ, ವಾಸನೆ ಹಿಡಿಯುವ ಶಕ್ತಿಯೂ ಹೋಯಿತು. ಗಂಡ ಹೋದದ್ದು ಊರಿಗೆಲ್ಲ ಗೊತ್ತು. ಮೂಗಿನ ಸುದ್ದಿಯನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಆರ್ಡರ್ ಮೇಲೆ ಹೋಳಿಗೆ ಮಾಡಿಕೊಟ್ಟು ಬದುಕುವವಳು. ಹೂರಣ ಹಳಸಿದ್ದೂ ತಿಳಿಯದವಳ ಹೋಳಿಗೆಯನ್ನು ಯಾರು ಕೊಳ್ಳುತ್ತಾರೆ?

ಅವಳಿಗಿದ್ದ ಭಯವೆಂದರೆ ಗ್ಯಾಸು. ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವೆಂದರೆ ನಮ್ಮೂರಿನ ಅರ್ಧ ಜನ ನಂಬುವುದಿಲ್ಲ. ನಾವು ಮೂಗು ಮುಚ್ಚಿಕೊಳ್ಳುವುದು ಅದಕ್ಕೆ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತಕ್ಕೆ. ಮದ್ಯಸಾರದ ಆವಿಯನ್ನೂ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನೂ ಕೂಡಿಸಿ, ಕಾದ ವೇಗವರ್ಧಕದ ಮೇಲೆ ಹಾಯಿಸಿ ಅದನ್ನು ತಯಾರಿಸುತ್ತಾರೆ. ಬಣ್ಣವಿಲ್ಲದ ದ್ರವ, ಚಳ್ಳಕೆರೆಯ ಬೇಸಿಗೆ ಮಧ್ಯಾಹ್ನಕ್ಕೇ ಕುದಿದುಬಿಡುತ್ತದೆ. ಕೊಳೆತ ಈರುಳ್ಳಿಯ ನಾತ. ಗಾಳಿಗೆ ಎಳ್ಳಷ್ಟು ಬೆರೆತರೂ ಮನುಷ್ಯ ಎದ್ದು ಓಡಬೇಕು, ಅದಕ್ಕೆಂದೇ ಬೆರೆಸುವುದು. ಮೂಗು ಸತ್ತವರ ಯೋಚನೆ ಯಾರಿಗೂ ಬರಲಿಲ್ಲವೆಂದು ಕಾಣುತ್ತದೆ.

ಹಾಗಾಗಿ ಕರಿಯಕ್ಕ ದಿನಾ ಬೆಳಿಗ್ಗೆ ಪಕ್ಕದ ಮನೆಯ ಜೋಗಮ್ಮನನ್ನು ಟೀಗೆ ಕರೆಯುತ್ತಿದ್ದಳು. ಅವಳೂ ಒಂಟಿ ಹೆಂಗಸು. ಒಲೆ ಹಚ್ಚುವ ಮೊದಲು, ಮಾತಿನ ನಡುವೆ ಎಂಬಂತೆ ಕೇಳುವಳು:

"ಏನಾರ ವಾಸನೆ ಬರ್ತೈತೇನೆ?"

ಜೋಗಮ್ಮ ಮೂಗೆಳೆದು, "ಏನೂ ಇಲ್ಲಕ್ಕ, ಹಚ್ಚು" ಅನ್ನುವಳು.

ಮೊನ್ನೆಯೂ ಹಾಗೇ ಅಂದಳು. ಅಷ್ಟರಲ್ಲಿ ಸಿಲಿಂಡರ್ ತಂದ ಈರೇಶ್ ಹೊಸ್ತಿಲಲ್ಲೇ ಕೂಗಿಕೊಂಡ. "ಅಕ್ಕಾ, ಕಡ್ಡಿ ಗೀರಬ್ಯಾಡ್ರಿ! ಮನೆಯೆಲ್ಲಾ ಗ್ಯಾಸ್ ನಾತ!"

ಅವನು ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಬಿರುಕು ಬಿಟ್ಟ ಪೈಪು ಬದಲಿಸಿದ. ಅದಕ್ಕೆ ಸೋಪಿನ ನೀರು ಸವರಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ ಎಂದು ತೋರಿಸಿಕೊಟ್ಟ. ನೋಡುವುದಕ್ಕೆ ಕಣ್ಣಿದ್ದರೆ ಸಾಕು.

ಅವನು ಹೋದ ಮೇಲೆ ಕರಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನಿಂಗೂ ಬರ್ಲಿಲ್ವೇನೇ?"

"ಆ ಜ್ವರದಾಗೆ ನಂದೂ ಹೋತಕ್ಕ. ಯಾತಕ್ಕೆ ಕರೀತೀಯ ಅಂತ ಗೊತ್ತಿತ್ತು. ಹೇಳಿದ್ರೆ ನೀನು ಬ್ಯಾರೇರನ್ನ ಕರೀತಿದ್ದೆ."

"ಇಬ್ರೂ ಸುಟ್ಟುಹೋಗ್ತಿದ್ವಲ್ಲೇ!"

ಜೋಗಮ್ಮ ತಲೆ ತಗ್ಗಿಸಿಕೊಂಡು ಎದ್ದು ಹೋದಳು.

ಮರುದಿನ ಕರಿಯಕ್ಕ ಪೈಪಿಗೆ ಸೋಪಿನ ನೀರು ಸವರಿದಳು. ಗುಳ್ಳೆ ಏಳಲಿಲ್ಲ. ಟೀ ಕುದಿಯಿತು, ಸೋಸಿದ್ದೂ ಆಯಿತು. ಲೋಟ ಹಿಡಿದು ಕೂತವಳು ಒಂದು ಗುಟುಕೂ ಕುಡಿಯದೆ ಕೆಳಗಿಟ್ಟಳು. ಎದ್ದು ಹೋಗಿ ಜೋಗಮ್ಮನ ಬಾಗಿಲು ತಟ್ಟಿದಳು.

"ಟೀ ಆಗೈತೆ, ಬಾರೇ."

"ಈಗ ನಾನ್ಯಾತಕ್ಕೆ ಬೇಕಕ್ಕ?" ಒಳಗಿನಿಂದ ದನಿ ಬಂತು.

ಕರಿಯಕ್ಕನಿಗೆ ಕೆಲಸವಿಲ್ಲದೆ ಯಾರನ್ನೂ ಕರೆದು ಅಭ್ಯಾಸವಿರಲಿಲ್ಲ. ಬಾಗಿಲಿಗೆ ಹಣೆಯೊತ್ತಿ ನಿಂತವಳು ಕೊನೆಗೆ ಅಂದಳು:

"ಒಬ್ಳೇ ಕುಡಿಯಾಕೆ ಆಗ್ತಿಲ್ಲ ಕಣೇ."