ತಾತನ ಇಬ್ಬರು ಜನರಲ್‌ಗಳು

ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಬೀದಿಯಲ್ಲಿ ಮಳೆ ನಿಂತ ಮೇಲೆ ನೀಲಗಿರಿ ಮರಗಳ ವಾಸನೆ ಏಳುತ್ತದೆ. ಎಲ್ಲರಿಗೂ ಅದು ಹಿತ. ನಾನು ಮಾತ್ರ ಕಿಟಕಿ ಮುಚ್ಚುತ್ತೇನೆ. ಮೆಲ್ಬರ್ನ್‌ನ ನಮ್ಮ ಹಳೆಯ ಬಾಡಿಗೆ ಮನೆ, ಅದರ ಕಿರಿದಾದ ಅಡುಗೆಮನೆ, ಬಿಸಿನೀರಿಗೆ ಎರಡು ತೊಟ್ಟು ನೀಲಗಿರಿ ಎಣ್ಣೆ ಬಿಟ್ಟು ಟವೆಲ್ ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದ ತಾತ, ಎಲ್ಲ ಒಟ್ಟಿಗೆ ನುಗ್ಗಿ ಬರುತ್ತವೆ. ಆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ತಾತನೂ ಇಲ್ಲ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಮೂವತ್ತು ವರ್ಷ ಗೈಡ್ ಆಗಿದ್ದವರು ಅವರು. ಅಜ್ಜಿ ತೀರಿಕೊಂಡ ಮೇಲೆ ನಮ್ಮ ಜೊತೆಗಿರಲು ಬಂದಿದ್ದರು.

ಆ ಕೋಟೆಯನ್ನು ಗೆದ್ದ ಸೈನ್ಯದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯಿದ್ದ. ಮುಂದೆ ದೊಡ್ಡ ಜನರಲ್ ಆಗಿ, ಯೂರೋಪಿನಲ್ಲಿ ಯುದ್ಧ ಗೆದ್ದು, ಕೊನೆಗೆ ಅವರ ದೇಶದ ಪ್ರಧಾನಮಂತ್ರಿಯೂ ಆದ. ತಾತನ ಬಳಿ ಅವನ ಬಗ್ಗೆ ಎರಡು ಕಥೆಗಳಿದ್ದವು. ಬಿಳಿ ಟೂರಿಸ್ಟುಗಳಿಗೆ ಇಂಗ್ಲಿಷಿನದು: ಲೂಟಿಕೋರರಿಂದ ಊರನ್ನು ಕಾಪಾಡಿದ ಶಿಸ್ತಿನ ಸಿಪಾಯಿ, ಮಹಾನುಭಾವ. ಶಾಲಾ ಪ್ರವಾಸದ ಮಕ್ಕಳಿಗೆ ಕನ್ನಡದ್ದು: ರಾತ್ರಿ ದಾಳಿಗೆ ಹೋಗಿ ತೋಪಿನ ಕತ್ತಲಲ್ಲಿ ದಾರಿ ತಪ್ಪಿ, ತನ್ನವರನ್ನು ಅಲ್ಲೇ ಬಿಟ್ಟು ಡೇರೆಗೆ ಮರಳಿದವನು, ಊರೆಲ್ಲ ದೋಚಿಹೋದ ಮೇಲೆ ಕಾಪಾಡಲು ಬಂದವನು. ಮುಖ ನೋಡಿ ಕಥೆ ಬಿಚ್ಚುವುದು ಗೈಡ್‌ಗಳ ಪದ್ಧತಿ. ಹೊಟ್ಟೆಪಾಡು, ಬೇರೇನಲ್ಲ.

ಮೆಲ್ಬರ್ನ್‌ನಲ್ಲಿ ನಮ್ಮ ಶಾಲೆಯಿದ್ದ ರಸ್ತೆಗೂ ಅದೇ ಜನರಲ್‌ನ ಹೆಸರು. ನಾನು ಗ್ರೇಡ್ ಫೋರ್‌ನಲ್ಲಿದ್ದಾಗ ಅಜ್ಜ-ಅಜ್ಜಿಯರನ್ನು ಕರೆದು ಮಾತಾಡಿಸುವ ದಿನ ಬಂತು. ತಾತ ವಾರವಿಡೀ ಹಬೆ ತೆಗೆದುಕೊಂಡರು, ಕನ್ನಡದ ಕಥೆಯನ್ನು ತಾವೇ ಇಂಗ್ಲಿಷಿಗೆ ತಿರುಗಿಸಿ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದರು. ಈ ಸಲ ಅದಕ್ಕೆ ಮನೆಯ ಕಥೆಯೊಂದನ್ನೂ ಸೇರಿಸಿದ್ದರು: ಲೂಟಿಯ ದಿನಗಳಲ್ಲಿ ನಮ್ಮ ವಂಶದ ಹೆಂಗಸೊಬ್ಬಳು ಹಾಲುಗೂಸನ್ನು ಅವಚಿಕೊಂಡು ರಾಗಿ ತುಂಬುವ ನೆಲದಡಿಯ ಹಗೇವಿನೊಳಗೆ ಮೂರು ದಿನ ಕೂತಿದ್ದಳಂತೆ. ಕೂಸು ಉಳಿಯಿತು, ಅವಳು ಉಳಿಯಲಿಲ್ಲ. "ಕಾಸ್ ಕೊಡೋರ್ ಮುಂದೆ ಬಾಯ್ ಮುಚ್ಕೊಂಡಿದ್ದೆ ಕನವ್ವ. ನಿನ್ ಇಸ್ಕೂಲ್ನಾಗಾದ್ರೂ ಅವಳ್ ಎಸ್ರು ಏಳ್ಬುಡ್ತೀನಿ," ಎಂದರು. ಅಪ್ಪನ ಮುಖ ಬಿಳುಚಿಕೊಂಡಿತು. "ಅಪ್ಪ, ಇಲ್ಲೇ ಉಳಿಯೋಕೆ ಪಿಆರ್ ಇನ್ನೂ ಬಂದಿಲ್ಲ. ಇವ್ರ ಜನರಲ್‌ನ ಬೈದು ಏನಾದ್ರೂ ಪ್ರಾಬ್ಲಮ್ ಆದ್ರೆ? ಟೂರಿಸ್ಟ್‌ಗಳಿಗೆ ಹೇಳ್ತಿದ್ದದ್ದನ್ನೇ ಹೇಳಿ ಬಂದ್ಬಿಡಿ." ನಾಲ್ಕನೆಯ ತರಗತಿಯ ಮಕ್ಕಳು ವೀಸಾ ಆಫೀಸಿಗೆ ಚಾಡಿ ಹೇಳುತ್ತಾರೆಂದು ನಂಬಿದ್ದ ಪುಣ್ಯಾತ್ಮ! ಆದರೆ ತಾತ ಮಣಿದದ್ದು ಅವರ ಮಾತಿಗಲ್ಲ, ನನ್ನ ಮಾತಿಗೆ. ಗೆಳತಿಯರ ಮುಂದೆ ಹಗೇವು, ರಾಗಿ ಎಂದರೆ ನನಗೆ ನಾಚಿಕೆ. "ಪ್ಲೀಸ್ ತಾತ, ಆ ಲೇಡಿ ಕಥೆ ಬೇಡ," ಎಂದು ಅತ್ತುಬಿಟ್ಟೆ.

ತಾತ ಇಂಗ್ಲಿಷಿನದನ್ನೇ ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ, ಟೀಚರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟ್ರಾಮಿನಲ್ಲಿ ಮರಳುವಾಗ "ಕುಸಿ ಆಯ್ತಾ ಮಗ?" ಎಂದು ಕೇಳಿದ್ದಷ್ಟೇ. ಆಮೇಲೆ ಎರಡು ವರ್ಷ ಬದುಕಿದ್ದರು. ಯಾವ ಜನರಲ್‌ನ ಮಾತನ್ನೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅಪ್ಪನ ಮೇಲೆ ನನಗೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಹೋದ ತಿಂಗಳು ನನ್ನ ಮಗಳಿಗೆ ಆ ಕಥೆ ಹೇಳಹೊರಟೆ. ಇಂಗ್ಲಿಷಿನದು ಒಂದು ಪದವೂ ತಪ್ಪದೆ, ತಾತನ ಕೆಮ್ಮಿನ ಸಮೇತ ಬಂತು. ಕನ್ನಡದ್ದು ಹಗೇವಿನ ಬಾಯಿಗೆ ಬಂದು ನಿಂತಿತು. "ವಾಟ್ ವಾಸ್ ಹರ್ ನೇಮ್, ಅಮ್ಮ?" ಎಂದು ಕೇಳಿದಳು. ಮೆಲ್ಬರ್ನ್‌ಗೆ, ಅಪ್ಪನಿಗೆ ಫೋನ್ ಮಾಡಿದೆ. "ನಾನು ಕೇಳೇ ಇರ್ಲಿಲ್ವಲ್ಲಮ್ಮ," ಎಂದರು. ಜನರಲ್‌ನ ಹೆಸರಿನ ರಸ್ತೆ ಅಲ್ಲೂ ಇದೆ, ಸಿಡ್ನಿಯಲ್ಲೂ ಇದೆ. ಅವಳ ಹೆಸರು ಗೊತ್ತಿದ್ದದ್ದು ಒಬ್ಬರಿಗೆ, ಅವರ ಬಾಯಿ ಮುಚ್ಚಿಸಿದವಳು ನಾನು.