ಬೆಟ್ಟಕ್ಕೆ ಮರಳು ಹೊತ್ತವನು

ಪಿಕಪ್ ಡ್ರೈವರ್ ಸತ್ತು ಐದು ತಿಂಗಳಾಯಿತು. ಒಳ್ಳೆಯವನು ಎಂದು ಬಂದವರೆಲ್ಲ ಹೇಳಿ ಹೋದರು. ಒಳ್ಳೆಯವನೇ. ಆದರೆ ಹೊಟ್ಟೆಕಿಚ್ಚಿನವನು. ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಹದಿನೆಂಟು ವರ್ಷ ಅವನು ಬೆಟ್ಟದ ಮೇಲಿನ ಫೋನ್ ಟವರಿನ ಜನರೇಟರಿಗೆ ಡೀಸೆಲ್ ಒಯ್ದ. ಅವನ ಪಿಕಪ್ಪಿಗೆ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಳೆತ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಡ್ರಮ್ಮುಗಳನ್ನು ಹಿಂದಿನ ಗಾಲಿಯ ಮೇಲಕ್ಕೆ ಸರಿಸಿ ಕಟ್ಟಿ ಹತ್ತಿಸುತ್ತಿದ್ದ. ಜೇಡಿಮಣ್ಣಿನ ತಿರುವು ನೆನೆದಿದ್ದರೆ ಕೆಳಗೇ ನಿಂತು, "ಒಣಗ್ಲಿ" ಎನ್ನುತ್ತಿದ್ದ. ಟವರಿನ ಸೂಪರ್‌ವೈಸರ್ ಕಾಯುತ್ತಿದ್ದ. ಬೇರೆ ಗಾಡಿ ಎಲ್ಲಿತ್ತು?

ಆಮೇಲೆ ಬಾಮೈದ ಜೀಪು ತಂದ. ನಾಲ್ಕು ಗಾಲಿಗೂ ಎಳೆತ. ಹೆಂಡತಿಯ ತಮ್ಮ, ಇವನ ಕೈಯಲ್ಲೇ ಸ್ಟೀರಿಂಗ್ ಹಿಡಿಯಲು ಕಲಿತವನು.

"ಚೆನ್ನಾಗಿದೆ ಅಲ್ವೇನ್ರೀ?" ಎಂದಳು ಹೆಂಡತಿ.

"ಬಣ್ಣ ಚೆನ್ನಾಗಿದೆ" ಎಂದ.

ಮೊದಲ ಮಳೆ ಬಿದ್ದ ಮರುದಿನವೇ ಸೂಪರ್‌ವೈಸರ್ ಬಾಮೈದನಿಗೆ ಫೋನ್ ಮಾಡಿದ. ಸುದ್ದಿ ಕೇಳಿದ ಡ್ರೈವರ್ ಕುಡಿಯುತ್ತಿದ್ದ ಟೀ ಅಲ್ಲೇ ಬಿಟ್ಟ. ಒಯ್ಯಲು ಡೀಸೆಲ್ ಇಲ್ಲ. ಹಿಂದಿನ ಗಾಲಿ ನೆಲ ಕಚ್ಚಲು ಭಾರ ಬೇಕಲ್ಲ, ಹತ್ತು ಮೂಟೆ ಮರಳು ಹೇರಿದ. ಬಾಮೈದನಿಗಿಂತ ಮೊದಲು ಮೇಲೆ ನಿಂತಿರಬೇಕು, ಸೂಪರ್‌ವೈಸರ್ ಕಣ್ಣಾರೆ ನೋಡಬೇಕು. ಅಷ್ಟೇ ಅವನಿಗೆ ಬೇಕಾಗಿದ್ದುದು.

ಜೇಡಿಮಣ್ಣಿನ ತಿರುವಿನಲ್ಲಿ ಪಿಕಪ್ ಅಡ್ಡ ತಿರುಗಿತು. ಹಿಂದಿನ ಒಂದು ಗಾಲಿ ಗಿರಗಿರ ತಿರುಗಿ ಕೆಸರು ಎರಚಿತು, ಇನ್ನೊಂದು ಅಲುಗಲಿಲ್ಲ. ಇಳಿದು ಗುದ್ದಲಿ ಹಿಡಿಯುವಷ್ಟರಲ್ಲಿ ಜೀಪು ಬಂತು.

ಬಾಮೈದ ಪಿಕಪ್ಪಿನ ಹಿಂಭಾಗಕ್ಕೆ ಇಣುಕಿ ನೋಡಿದ. "ಟವರಿಗೆ ಮರಳು ಬೇಕಂತಾ ಭಾವ?"

"ನಿನ್ನ ಕೆಲಸ ನೀನ್ ನೋಡ್ಕೋ."

"ಹಗ್ಗ ಹಾಕಿ ಎಳೀಲಾ?"

"ಹೋಗೋ ಸುಮ್ನೆ!"

ಬಾಮೈದ ನಾಲ್ಕು ಗಾಲಿಗೂ ಎಳೆತ ಕೊಡುವ ಸಣ್ಣ ಲಿವರ್ ಎಳೆದ. ಜೀಪು ದಿಬ್ಬದ ಅಂಚಿನಿಂದ ಸುತ್ತಿ, ಕೆಸರನ್ನು ಕಚ್ಚಿಕೊಂಡು ಹತ್ತಿತು. ಡ್ರೈವರ್ ನೋಡುತ್ತಲೇ ನಿಂತ.

ಒಂದು ಮಾತು ಅವನ ಬಾಯಿಗೆ ಬಂದಿತ್ತು. ನಾಲ್ಕು ಗಾಲಿಯ ಎಳೆತ ಹತ್ತಿಸುತ್ತದೆ. ಆದರೆ ಬ್ರೇಕು ಎಲ್ಲ ಗಾಡಿಗೂ ನಾಲ್ಕೇ ಗಾಲಿಗೆ. ಇಳಿಯುವಾಗ ಫಸ್ಟ್ ಗೇರಿನಲ್ಲೇ ಇದ್ದು ಎಂಜಿನ್ನಿನಿಂದಲೇ ಗಾಡಿ ತಡೆಯಬೇಕು, ಬ್ರೇಕ್ ಒತ್ತಿದರೆ ಈ ಜೇಡಿಯಲ್ಲಿ ಯಾವ ಜೀಪೂ ಸೋಪಿನ ತುಂಡೇ. ಬಾಮೈದನಿಗೆ ಇದು ಗೊತ್ತಿರಲಿಲ್ಲ. ಡ್ರೈವರ್ ತುಟಿ ಪಿಟಕ್ಕೆನ್ನಲಿಲ್ಲ. ಕಲೀಲಿ, ಅಂದುಕೊಂಡ.

ಅರ್ಧ ಗಂಟೆಗೆ ಜೀಪು ಇಳಿಯುವ ಸದ್ದು ಕೇಳಿತು. ಗೇರು ಹಿಡಿದಿಟ್ಟ ಸದ್ದಲ್ಲ ಅದು, ಹಗುರವಾಗಿ ಓಡುವ ಸದ್ದು. ಡ್ರೈವರ್ ಗುದ್ದಲಿ ಬಿಸಾಡಿ ಮೇಲಕ್ಕೆ ಓಡಿದ.

"ಬ್ರೇಕ್ ಬಿಡೋ! ಗೇರಿಗೆ ಹಾಕೋ!"

ಬಾಮೈದ ಬ್ರೇಕನ್ನೇ ಒತ್ತಿದ. ಜೀಪು ಅಡ್ಡಡ್ಡ ಜಾರುತ್ತ ಬಂದು ಪಿಕಪ್ಪಿಗೆ ಬಡಿದು ನಿಂತಿತು. ಅದರ ಆಚೆ ಕಮರಿ. ಮರಳಿನ ಭಾರಕ್ಕೆ ಪಿಕಪ್ ಕದಲಲಿಲ್ಲ.

ಬಾಮೈದ ಇಳಿದು ಭಾವನ ಕೈ ಹಿಡಿದುಕೊಂಡ. ಮನೆಗೆ ಬಂದು ಅಕ್ಕನ ಮುಂದೆ, "ಭಾವ ಇಲ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ" ಎಂದು ಅತ್ತ.

ತಮ್ಮ ಹೋದಮೇಲೆ ಡ್ರೈವರ್ ಹೆಂಡತಿಗೆ ಹೇಳಿದ. "ಅವನು ಹತ್ತುವಾಗ್ಲೇ ಹೇಳ್ಬೋದಿತ್ತು ಕಣೇ. ಗೊತ್ತಿದ್ದೂ ಹೇಳ್ಲಿಲ್ಲ."

"ನನ್ನ ತಮ್ಮ ರೀ ಅವನು!"

"ಅದಕ್ಕೇ ನಿಂಗೆ ಹೇಳ್ತಿರೋದು."

ನಾಲ್ಕು ದಿನ ಅವಳು ಅವನೊಡನೆ ಮಾತಾಡಲಿಲ್ಲ. ತಟ್ಟೆ ಇಡುವಾಗ ಕುಕ್ಕಿ ಇಡುತ್ತಿದ್ದಳು.

ಮುಂದಿನ ಮಳೆಗೆ ಸೂಪರ್‌ವೈಸರ್ ಮತ್ತೆ ಬಾಮೈದನನ್ನೇ ಕರೆದ. ಯಾರೂ ಹೇಳದೆಯೇ ಡ್ರೈವರ್ ಹೋಗಿ ಜೀಪಿನ ಎಡಗಡೆ ಸೀಟಿನಲ್ಲಿ ಕೂತ. ಇಳಿಯುವಾಗ ದಾರಿಯುದ್ದಕ್ಕೂ ಬೈದು ಬೈದು ಕಲಿಸಿದ. ಸಂಜೆ ಕಾಲು ತೊಳೆದು ಒಳಗೆ ಬಂದಾಗ, "ಹೇಗಿತ್ತು?" ಎಂದು ಹೆಂಡತಿ ಕೇಳಿದಳು.

"ಒಂದ್ ಸಲಾನೂ ಜಾರ್ಲಿಲ್ಲ" ಎಂದ, ತನ್ನದೇನನ್ನೋ ಯಾರೋ ಕಿತ್ತುಕೊಂಡು ಹೋದ ಹಾಗೆ.

ಆವತ್ತು ಅವನಿಗೆ ಊಟ ಸೇರಲಿಲ್ಲ.