ಫೋಮ್ ಸೇಲ್ಸ್ ಮೆತ್ತಣ್ಣನ ಎದೆಯ ಫೋಮು

ಊರಿನವರು ಅವನನ್ನು ಮೆತ್ತಣ್ಣ ಎಂದು ಕರೆಯುತ್ತಿದ್ದುದು ಸ್ವಭಾವ ನೋಡಿ ಅಲ್ಲ, ಸರಕು ನೋಡಿ. ಫೋಮ್ ಹಾಸಿಗೆ, ಸೋಫಾ ದಿಂಬು, ಕುರ್ಚಿಯ ಮೆತ್ತೆ, ಇಷ್ಟೇ ಅವನ ಲೋಕ. ಬೆಲೆಯ ಮಾತಿಗೆ ಕೂತರೆ ಅವನಷ್ಟು ಗಟ್ಟಿ ಆಸಾಮಿ ಆ ಬೀದಿಯಲ್ಲಿರಲಿಲ್ಲ. ಗಿರಾಕಿ ಒಳಬಂದ ಕೂಡಲೇ ಹಾಸಿಗೆಯ ಮೇಲೆ ಅಂಗೈ ಊರಿ ಒತ್ತುವುದು, ಕೈ ತೆಗೆಯುವುದು, ಗುಂಡಿ ಮೆಲ್ಲಗೆ ತುಂಬಿಕೊಳ್ಳುವುದನ್ನು ತೋರಿಸಿ "ನೋಡಿ, ಎದ್ದು ಬಂತು! ನಾವು ನೀವು ಬಿದ್ರೆ ಏಳೋದು ಕಷ್ಟ, ಇದು ಹಾಗಲ್ಲ" ಎನ್ನುವುದು. ಅರ್ಧ ವ್ಯಾಪಾರ ಆ ಮಾತಿಗೇ ಕುದುರುತ್ತಿತ್ತು.

ಅವನಿಗಿದ್ದದ್ದು ಒಂದೇ ಚಟ. ಕತ್ತರಿಸಿ ಉಳಿದ ಫೋಮಿನ ಚೂರನ್ನು ಎಸೆಯುತ್ತಿರಲಿಲ್ಲ. ತನ್ನದು ಸಾಲದೆಂದು ಪಕ್ಕದ ಸೋಫಾ ಅಂಗಡಿಯವರು ಬಿಸಾಡಿದ್ದನ್ನೂ ಹೊತ್ತು ತರುತ್ತಿದ್ದ. "ಯಾವತ್ತಾದ್ರೂ ಬೇಕಾಗುತ್ತೆ" ಎನ್ನುತ್ತಿದ್ದ. ಆ ಯಾವತ್ತೋ ಎಂಬ ದಿನ ಇನ್ನೂ ಬಂದಿರಲಿಲ್ಲ. ಅಂಗಡಿಯಿಂದ ಹಿಂದಿನ ಗೋದಾಮಿಗೆ ಹೋಗುವ ಓಣಿಯ ಎರಡೂ ಗೋಡೆಗೆ ಚೂರಿನ ಮೂಟೆಗಳು ಒರಗಿಕೊಂಡಿದ್ದವು. ಗೋದಾಮಿನಲ್ಲಿ ಕೂತು ಹಾಸಿಗೆಯ ಕವರ್ ಹೊಲಿಯುವ ಹೆಂಡತಿ ಮುಂದಕ್ಕೆ ಬರಬೇಕೆಂದರೆ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕಿತ್ತು.

ಈಚೆಗೆ ಹಾಸಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಅವನಿಗೆ ಎದೆ ಹಿಡಿದುಕೊಳ್ಳತೊಡಗಿತು. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರಮ್ಮ, "ಹೃದಯದ ರಕ್ತನಾಳದ ಗೋಡೇಲಿ ಕೊಬ್ಬು ಕೂತಿದೆ. ಫೋಮ್ ಸೆಲ್ಸ್ ಅಂತೀವಿ, ಅವುಗಳದ್ದೇ ಕಾರುಬಾರು" ಎಂದು ಶುರುಮಾಡಿದರು. ಮೆತ್ತಣ್ಣನ ಕಿವಿ ಅಲ್ಲಿಗೇ ಬಾಗಿಲು ಹಾಕಿಕೊಂಡಿತು. ಅವನ ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದೇ 'ಫೋಮ್ ಸೇಲ್ಸ್'!

ಮನೆಗೆ ಬಂದವನೇ ತೀರ್ಪು ಕೊಟ್ಟ. "ಡಾಕ್ಟ್ರೇ ಬಾಯ್ಬಿಟ್ಟು ಹೇಳಿದ್ರು ಕಣೇ, ಫೋಮ್ ಸೇಲ್ಸ್ ಇಂದಾನೇ ಅಂತ. ಇಷ್ಟು ವರ್ಷ ಕತ್ತರಿಸಿದ ಧೂಳೆಲ್ಲ ಮೂಗಿಂದ ಹೋಗಿ ಎದೇಲಿ ಕೂತಿದೆ. ಅಂಗಡಿ ಬಿಟ್ರೆ ರೋಗಾನೂ ಬಿಡುತ್ತೆ. ಮಾತ್ರೆ ಯಾಕೆ ದಂಡಕ್ಕೆ?"

"ರೀ, ನೀವು ಕುಡಿದ ಧೂಳನ್ನೇ ನಾನೂ ಕುಡಿದಿದೀನಿ. ನನಗ್ಯಾಕೆ ಎದೆ ಹಿಡಿಯಲ್ಲ?"

"ನಿನ್ನೆದೆ ಕಲ್ಲು. ಒಳಗೆ ಏನೂ ಇಳಿಯಲ್ಲ."

ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ತರಲಿಲ್ಲ. ಬದಲಿಗೆ ಒಂದು ಹಲಗೆ ತಂದು 'ಅಂಗಡಿ ಮಾರಾಟಕ್ಕಿದೆ' ಎಂದು ಬರೆದು ನೇತುಹಾಕಿದ. ಅದರಲ್ಲಿ 'ಮಾರಾಟ' ಮಾತ್ರ ಸೊಟ್ಟಗಾಯಿತು. ಪರದೆ ಬಟ್ಟೆಯ ವ್ಯಾಪಾರಿಯೊಬ್ಬ ಮಾರನೆಯ ದಿನವೇ ಬಂದು ನೋಡುತ್ತೇನೆಂದ. ಅಷ್ಟರಲ್ಲಿ ಒಂದು ದಿಂಬು ಎತ್ತಿಟ್ಟ ಮೆತ್ತಣ್ಣ ಎದೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಸಿದು ಕೂತ. ಹೆಂಡತಿ ಇನ್ನು ವಾದಕ್ಕೆ ಹೋಗಲಿಲ್ಲ. ಶಟರ್ ಎಳೆದು, ಬೀಗದ ಕೈ ತಾನೇ ಇಟ್ಟುಕೊಂಡು, ಆಟೋ ಹತ್ತಿಸಿದಳು.

ಕತೆ ಕೇಳಿ ಡಾಕ್ಟರಮ್ಮ ಮೊದಲು ನಕ್ಕರು. ಮಾತ್ರೆ ತಂದೇ ಇಲ್ಲವೆಂದು ತಿಳಿದ ಮೇಲೆ ನಗು ನಿಂತಿತು. ಅವನ ಎದೆಯನ್ನು ಮತ್ತೆ ಪರೀಕ್ಷಿಸಿ, ಸದ್ಯಕ್ಕೆ ಗಾಬರಿಯಿಲ್ಲ ಎಂದು ಖಚಿತಪಡಿಸಿಕೊಂಡು, ಎದುರು ಕೂತರು.

"ಧೂಳು ಒಳ್ಳೇದಲ್ಲ ಯಜಮಾನ್ರೇ, ಕತ್ತರಿಸುವಾಗ ಮಾಸ್ಕ್ ಹಾಕ್ಕೊಳ್ಳಿ. ಆದ್ರೆ ಇದು ಆ ಫೋಮ್ ಅಲ್ಲ. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿಯಾದ್ರೆ ನಾಳದ ಗೋಡೆಯೊಳಗೆ ನುಗ್ಗಿ ಹಾಳಾಗುತ್ತೆ. ಅದನ್ನ ಗುಡಿಸೋಕೆ ಬಿಳಿ ರಕ್ತಕಣ ಬರ್ತವೆ. ಉದ್ದೇಶ ಒಳ್ಳೇದೇ. ಆದ್ರೆ ಸಾಕು ಅನ್ನೋದು ಅವಕ್ಕೆ ಗೊತ್ತಿಲ್ಲ. ನುಂಗಿ ನುಂಗಿ, ಒಳಗೆಲ್ಲ ಕೊಬ್ಬಿನ ಗುಳ್ಳೆ ತುಂಬಿ, ನೊರೆ ಥರಾ ಊದಿಕೊಳ್ತವೆ. ಅದಕ್ಕೇ ಫೋಮ್ ಸೆಲ್ಸ್, ಅಂದ್ರೆ ನೊರೆ ಕೋಶ ಅನ್ನೋ ಹೆಸರು. ಹೊರಗೆ ಬರೋಕಾಗದೆ ಅಲ್ಲೇ ಒಂದರ ಮೇಲೊಂದು ಕೂತು ಗೋಡೆ ದಪ್ಪ ಆಗುತ್ತೆ, ದಾರಿ ಸಣ್ಣ ಆಗುತ್ತೆ. ಆ ಗಂಟು ಒಡೆದ್ರೆ ರಕ್ತ ಹೆಪ್ಪುಗಟ್ಟಿ ದಾರಿನೇ ಬಂದ್. ಅದೇ ಹಾರ್ಟ್ ಅಟ್ಯಾಕ್."

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಡಾಕ್ಟ್ರೇ, ಅದು ಸೆಲ್ಲೂ ಅಲ್ಲ ಸೇಲೂ ಅಲ್ಲ, ಸಾಕ್ಷಾತ್ ನಮ್ಮ ಯಜಮಾನ್ರು. ನಮ್ಮ ಓಣಿ ಬಂದು ನೋಡಿ ಬೇಕಾದ್ರೆ."

ಮೆತ್ತಣ್ಣ ನಗಲಿಲ್ಲ. ಓಣಿ ಅವನ ಕಣ್ಣ ಮುಂದೆ ಬಂದಿತ್ತು. ಅಂಗೈಯನ್ನು ಮೇಜಿನ ಮೇಲೆ ಊರಿ ಕೇಳಿದ: "ಎದ್ದು ಬರುತ್ತಾ ಡಾಕ್ಟ್ರೇ?"

"ಪೂರ್ತಿ ಮೊದಲಿನ ಹಾಗೆ ಅಂತ ಸುಳ್ಳು ಹೇಳಲ್ಲ. ಮಾತ್ರೆ ಬಿಡದೆ ತಗೊಂಡು, ನಡೆದಾಡಿ, ಕರಿದದ್ದು ಬಿಟ್ರೆ ಹೊಸ ಸರಕು ಬರೋದು ಕಡಿಮೆ ಆಗುತ್ತೆ. ಇರೋ ಗಂಟು ಒಡೆಯೋ ಭಯ ಇಳಿಯುತ್ತೆ, ಸ್ವಲ್ಪ ಕರಗಲೂಬಹುದು. ಅಂಗಡಿ ಯಾಕೆ ಮಾರ್ತೀರಿ? ಸದ್ಯಕ್ಕೆ ಭಾರ ಎತ್ತಬೇಡಿ, ಅಷ್ಟೇ."

"ಮಾತ್ರೆ ದಿನ ಬಿಟ್ಟು ದಿನ ತಗೊಂಡ್ರೆ ನಡೆಯುತ್ತಾ?"

"ಚೌಕಾಸಿ ಇಲ್ಲ. ಇಲ್ಲಿ ಫಿಕ್ಸೆಡ್ ರೇಟ್."

ಮಾರನೆಯ ದಿನ ಪರದೆ ವ್ಯಾಪಾರಿ ಬಂದಾಗ ಹಲಗೆ ನೇತಾಡುತ್ತಲೇ ಇತ್ತು. ಹಲಗೆಯನ್ನು ಸುಮ್ಮನೆ ಎಸೆಯುವ ಜಾತಿಯೇ ಮೆತ್ತಣ್ಣನದು? ತಿರುಗಿಸಿ ಹಿಂದಿನ ಮೈಗೆ 'ಫೋಮ್ ಚೂರು ಅಗ್ಗಕ್ಕೆ' ಎಂದು ಬರೆದಿದ್ದ. ಅಕ್ಷರ ಈ ಸಲ ನೆಟ್ಟಗಿತ್ತು. ಅಂಗಡಿ ಕೊಳ್ಳಲು ಬಂದವನು ಎರಡು ಮೂಟೆ ಚೂರು ಕೊಂಡು, ಏಕೆ ಕೊಂಡೆನೆಂದು ತಿಳಿಯದೆ ಹೊರಟುಹೋದ.

ಓಣಿ ಬರಿದಾಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅವನು ಉಸಿರು ಕಟ್ಟದೆ ಮೆಟ್ಟಿಲು ಹತ್ತತೊಡಗಿದ್ದ. ಒಂದು ಸಂಜೆ ಹೆಂಡತಿ ಓಣಿಯಲ್ಲಿ ನೆಟ್ಟಗೆ, ಅಡ್ಡ ತಿರುಗದೆ ಬಂದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ.

"ಇವತ್ತೊಂದು ದಿನ ಬಿಡೇ, ಚೆನ್ನಾಗೇ ಇದೀನಲ್ಲ."

"ಫಿಕ್ಸೆಡ್ ರೇಟ್" ಎಂದಳು ಅವಳು.

ನುಂಗಿದ.